ಐದನೆಯ ತರಗತಿ ಮುಗಿದ ಮೇಲೆ ಯಾವ ಶಾಲೆ?

ಹೋದ ತಿಂಗಳ ನೇರ ಪ್ರಸಾರದ ಶಿಕ್ಷಣ ಸಂವಾದ ಮುಗಿಯಲು ಇನ್ನು ಮೂರು ನಿಮಿಷವಿದ್ದಾಗ ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಿಂದ ಒಬ್ಬ ತಾಯಿಯ ಕರೆ ಬಂತು. ಮಗ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ. "ಅಣ್ಣನ ಎಂಟನೇತ್ತಿನ ಗಣಿತದ ಪುಸ್ತಕ ತಗದು ತಾನ ಲೆಕ್ಕ ಬಿಡಸ್ತಾನ್ರಿ ಸರ. ಮಾಸ್ತರು, ಇವಂಗ ನಾ ಇನ್ನೇನು ಕಲಸ್ಲಿ ಅಂತಾರ. ಮುಂದ ಯಾವ ಸಾಲಿಗೆ ಹಾಕಬೇಕ್ರಿ?" ನವೋದಯಕ್ಕೆ ಅರ್ಜಿ ಹಾಕುವುದೋ, ಮೊರಾರ್ಜಿ ಶಾಲೆಗೋ, ತಾಲ್ಲೂಕಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಬಸ್ಸಿನಲ್ಲಿ ಕಳಿಸುವುದೋ, ಅಥವಾ ಇದ್ದಲ್ಲೇ ಬಿಡುವುದೋ ಎಂಬುದು ಆಕೆಯ ಪ್ರಶ್ನೆ. ಸ್ಟುಡಿಯೋದಲ್ಲಿದ್ದ ಅತಿಥಿಗಳು ಗಡಿಯಾರ ನೋಡಿಕೊಂಡು, ಮಗುವಿನ ಆಸಕ್ತಿಯನ್ನು ಗಮನಿಸಿ ತೀರ್ಮಾನಿಸಿರಿ ಎಂದರು. ಶೀರ್ಷಿಕೆಗಳು ತೆರೆಯ ಮೇಲೆ ಬಂದವು. ಕಂಟ್ರೋಲ್ ರೂಮಿನಲ್ಲಿ ಕುಳಿತಿದ್ದ ನನಗೆ ಆ ಉತ್ತರ ಆಕೆಗೆ ಯಾವ ಪ್ರಯೋಜನಕ್ಕೂ ಬರಲಿಲ್ಲ ಎಂಬುದು ಸ್ಪಷ್ಟವಾಗಿತ್ತು. ಮಗುವಿನ ಆಸಕ್ತಿ ಆಕೆಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು ಶಾಲೆ.

ಕಾರ್ಯಕ್ರಮದ ಈ ಮುದ್ರಿತ ಪುಟಗಳಲ್ಲಿ ಮೂರು ನಿಮಿಷದ ಮಿತಿ ಇಲ್ಲವಾದ್ದರಿಂದ, ಈ ಪ್ರಶ್ನೆ ನಮ್ಮ ನಾಡಿನಲ್ಲಿ ಹೇಗೆ ಹುಟ್ಟಿತು, ಹಿಂದಿನವರು ಇದಕ್ಕೆ ಏನೇನು ಉತ್ತರ ಕಂಡುಕೊಂಡರು ಎಂಬುದನ್ನು ಬರೆಯೋಣ ಎನಿಸಿತು. ನಾನು ಇತಿಹಾಸದ ವಿದ್ಯಾರ್ಥಿಯಲ್ಲ, ಭೌತಶಾಸ್ತ್ರ ಓದಿ ದೂರದರ್ಶನದ ಕೆಲಸಕ್ಕೆ ಬಂದವನು. ಆದರೆ ಈ ಪ್ರಶ್ನೆ ನಮ್ಮ ಮನೆಯೊಳಗೂ ಒಮ್ಮೆ ಬಂದು ಹೋಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಕೂಲಿಮಠದ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಲೆಕ್ಕಪತ್ರ ಬರೆಯುವಷ್ಟು ಕಲಿತರೆ ವಿದ್ಯೆ ಮುಗಿಯಿತು. ಚುರುಕಾದ ಹುಡುಗ ಬೇಗ ಮುಗಿಸುತ್ತಿದ್ದ, ಮಂದನಾದವನು ನಿಧಾನವಾಗಿ. ವಯಸ್ಸಿಗೆ ಒಂದು ತರಗತಿ ಎಂಬ ಕಟ್ಟು ಅಲ್ಲಿರಲಿಲ್ಲ. 1854ರ ವುಡ್ ವರದಿಯ ನಂತರ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆ ಹುಟ್ಟಿತು. 1868ರಲ್ಲಿ ಬಿ.ಎಲ್. ರೈಸ್ ಅವರು ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಬಂತು. ಹೋಬಳಿಯಲ್ಲಿ ಕನ್ನಡ ಶಾಲೆ, ಅದರ ಮೇಲೆ ತಾಲ್ಲೂಕಿನಲ್ಲೋ ಪಟ್ಟಣದಲ್ಲೋ ಎ.ವಿ. ಸ್ಕೂಲು, ಅಂದರೆ ಆಂಗ್ಲೋ ವರ್ನಾಕ್ಯುಲರ್ ಶಾಲೆ, ಆಮೇಲೆ ದೊಡ್ಡ ಊರಿನಲ್ಲಿ ಹೈಸ್ಕೂಲು. ಹೀಗೆ ಮೆಟ್ಟಿಲುಗಳು ಏರ್ಪಟ್ಟವು. ಇಂಗ್ಲಿಷು ಶುರುವಾಗುತ್ತಿದ್ದುದು ನಡುವಿನ ಮೆಟ್ಟಿಲಿನಲ್ಲಿ. ಇಂಗ್ಲಿಷಿಲ್ಲದೆ ಮೇಲಿನ ಮೆಟ್ಟಿಲಿಲ್ಲ. ಆದ್ದರಿಂದ ಹತ್ತು ಹನ್ನೊಂದು ವಯಸ್ಸಿನಲ್ಲಿ ಒಂದು ಮಗು ಮಿಡ್ಲ್ ಸ್ಕೂಲಿಗೆ ಹೋಯಿತೋ ಇಲ್ಲವೋ ಎನ್ನುವುದರಲ್ಲಿ ಅದರ ಮುಂದಿನ ಬಾಳು ಬಹುಪಾಲು ತೀರ್ಮಾನವಾಗುತ್ತಿತ್ತು. ಮಿಡ್ಲ್ ಸ್ಕೂಲಿನ ಕೊನೆಗೆ ಲೋಯರ್ ಸೆಕೆಂಡರಿ ಪರೀಕ್ಷೆ. "ಎಲ್.ಎಸ್. ಪಾಸಾದವರು" ಎಂದರೆ ಹಳ್ಳಿಯಲ್ಲಿ ಒಂದು ಗೌರವವಿತ್ತು, ಮೇಷ್ಟ್ರ ಕೆಲಸ ಸಿಗುತ್ತಿತ್ತು.

ಅಂದಿನ ಬಹುಪಾಲು ಹಳ್ಳಿ ಹುಡುಗರಿಗೆ ಶಾಲೆಯ ಆಯ್ಕೆ ಎಂದರೆ ಮನೆ ಬಿಡುವುದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ, ತಂದೆ ತೀರಿಕೊಂಡ ಮೇಲೆ ಬೆಂಗಳೂರಿನ ಸೋದರಮಾವನ ಆಸರೆಗೆ ಬಂದರು. ವೆಸ್ಲಿಯನ್ ಮಿಷನ್ ಹೈಸ್ಕೂಲು, ಆಮೇಲೆ ಸೆಂಟ್ರಲ್ ಕಾಲೇಜು. ಓದುತ್ತಲೇ ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡರು. 1881ರಲ್ಲಿ ಬಿ.ಎ. ಆಯಿತು. ಕುಪ್ಪಳಿಯ ಪುಟ್ಟಪ್ಪನವರು ಮನೆಯಲ್ಲಿ ಐಗಳಿಂದ ಅಕ್ಷರ ಕಲಿತು ತೀರ್ಥಹಳ್ಳಿಯ ಎ.ವಿ. ಸ್ಕೂಲಿಗೆ ಹೋದರು, ಅಲ್ಲಿಂದ ಮೈಸೂರಿಗೆ. ಮಲೆನಾಡಿನ ಆ ಹುಡುಗನಿಗೆ ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಇಲ್ಲವಾದರು. ಇಂಥ ಕಥೆಗಳಲ್ಲಿ ನಾವು ಹುಡುಗನ ಬುದ್ಧಿವಂತಿಕೆಯನ್ನಷ್ಟೇ ನೆನೆಯುತ್ತೇವೆ. ಊಟ ಯಾರು ಹಾಕಿದರು, ಮಲಗಲು ಜಗುಲಿ ಯಾರು ಕೊಟ್ಟರು ಎಂಬ ವಿವರ ಬಿಟ್ಟುಹೋಗುತ್ತದೆ. ವಾರಾನ್ನದ ಪದ್ಧತಿ ಇತ್ತು, ದಿನಕ್ಕೊಂದು ಮನೆಯಲ್ಲಿ ಊಟ. ಆದರೆ ಆ ಏಳು ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಆ ಕೊರತೆಯನ್ನು ತುಂಬಿದವು ಮಠಗಳ ಉಚಿತ ಪ್ರಸಾದ ನಿಲಯಗಳು ಮತ್ತು 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥ ಸಂಸ್ಥೆಗಳ ವಿದ್ಯಾರ್ಥಿನಿಲಯಗಳು. ಅವೂ ದೊರೆಯದವರಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಊರಿನವರ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಯಾವ ಶಾಲೆ ಒಳ್ಳೆಯದು ಎಂದು ಕೇಳುವ ಭಾಗ್ಯ ಆ ಮಕ್ಕಳ ತಂದೆತಾಯಂದಿರಿಗೆ ಎಲ್ಲಿತ್ತು?

ಈ ಮನೆ ಬಿಡುವ ಕಥೆಗಳಲ್ಲಿ ನನಗೆ ಅತ್ಯಂತ ಹತ್ತಿರವಾದದ್ದು ಡಾ. ಎಚ್. ನರಸಿಂಹಯ್ಯನವರದು. ಬಿ.ಎಸ್‌ಸಿ. ಓದುವಾಗ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸಗಳಿಗೆ ಹೋಗುತ್ತಿದ್ದೆ. ಬಿಳಿಯ ಖಾದಿ ಪಂಚೆ, ಜುಬ್ಬ, ತಲೆಯ ಮೇಲೆ ಟೋಪಿ ಧರಿಸಿದ ಆ ಭೌತಶಾಸ್ತ್ರಜ್ಞರನ್ನು ದೂರದಿಂದ ಕಂಡಿದ್ದೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು, ಬಡ ಮನೆತನ. ಊರಿನಲ್ಲಿ ಮಿಡ್ಲ್ ಸ್ಕೂಲಿನವರೆಗೆ ಓದಿದರು. ಮುಂದೆ ಓದಲು ಅಲ್ಲಿ ಹೈಸ್ಕೂಲಿಲ್ಲ. ಆ ಹೊತ್ತಿಗೆ ಅವರ ಮುಖ್ಯೋಪಾಧ್ಯಾಯರಾಗಿದ್ದ ಎಂ.ಎಸ್. ನಾರಾಯಣರಾಯರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಬಂದಿದ್ದರು. ಅವರು ಹುಡುಗನನ್ನು ಮರೆಯಲಿಲ್ಲ, ಬಂದು ಸೇರಿಕೋ ಎಂದರು. 1935ರಲ್ಲಿ, ಬಸ್ಸಿಗೆ ಕಾಸಿಲ್ಲದ ಆ ಹುಡುಗ ಸುಮಾರು 80 ಕಿಲೋಮೀಟರ್ ದೂರವನ್ನು ನಡೆದೇ ಬೆಂಗಳೂರು ಸೇರಿದ. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದುಕೊಂಡು ಓದಿದ. ಓದಿನ ನಡುವೆ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು ಮರಳಿದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು.

ಈ ನಡಿಗೆಯ ಕಥೆಯನ್ನು ಶಾಲೆಯ ಸಮಾರಂಭಗಳಲ್ಲಿ ಛಲಕ್ಕೆ ಉದಾಹರಣೆಯಾಗಿ ಹೇಳುವುದುಂಟು. ನನ್ನ ಕಣ್ಣಿಗೆ ಬೀಳುವುದು ಬೇರೆ ಎರಡು ಸಂಗತಿ. ಒಂದು, ಶಾಲೆಯನ್ನು ಆರಿಸಿದ್ದು ಹುಡುಗನೂ ಅಲ್ಲ, ಅವನ ತಂದೆತಾಯಿಯೂ ಅಲ್ಲ, ಆರಿಸಿದವರು ಅವನನ್ನು ಬಲ್ಲ ಒಬ್ಬ ಮೇಷ್ಟ್ರು. ಆ ಮೇಷ್ಟ್ರಿಗೆ ಬೆಂಗಳೂರಿನ ಕೆಲಸ ಸಿಗದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಬಂದರೆ ಸ್ವಲ್ಪ ಭಯವೇ ಆಗುತ್ತದೆ. ಎರಡನೆಯದು, ನಡೆದು ಹೋದ ಆ ಹುಡುಗ ದೊಡ್ಡವನಾದ ಮೇಲೆ ಮಾಡಿದ ಕೆಲಸ. ಬಸವನಗುಡಿಯ ನ್ಯಾಷನಲ್ ಕಾಲೇಜನ್ನು ಬೆಳೆಸಿದವರು ಗೌರಿಬಿದನೂರು, ಬಾಗೇಪಲ್ಲಿಗಳಂಥ ಬರಪೀಡಿತ ತಾಲ್ಲೂಕುಗಳಿಗೂ ನ್ಯಾಷನಲ್ ಕಾಲೇಜುಗಳನ್ನು ಒಯ್ದರು. ತಮ್ಮ ದಾರಿಯನ್ನು ಇನ್ನೊಬ್ಬ ಹುಡುಗ ನಡೆಯಬೇಕಾಗಿ ಬರಬಾರದು ಎಂದು ಅವರು ಕೊಟ್ಟ ಉತ್ತರ ಇದು ಎಂದು ನಾನು ಭಾವಿಸುತ್ತೇನೆ.

ಮನೆ ಬಿಡುವುದು ಒಂದು ದಾರಿಯಾದರೆ, ತರಗತಿ ಹಾರುವುದು ಇನ್ನೊಂದು. ಸಿ.ಎನ್.ಆರ್. ರಾವ್ ಅವರು 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಪ್ರಾಥಮಿಕ ಶಾಲೆಯ ಮುಖವನ್ನೇ ನೋಡಲಿಲ್ಲ. ಲೆಕ್ಕವನ್ನೂ ಪುರಾಣದ ಕಥೆಗಳನ್ನೂ ತಾಯಿ ಮನೆಯಲ್ಲೇ ಹೇಳಿಕೊಟ್ಟರು. 1940ರಲ್ಲಿ, ಆರನೆಯ ವಯಸ್ಸಿಗೆ, ನೇರವಾಗಿ ಮಿಡ್ಲ್ ಸ್ಕೂಲು ಸೇರಿದರು. ತರಗತಿಗೆಲ್ಲ ಚಿಕ್ಕವರು, ಆದರೂ ದೊಡ್ಡ ಹುಡುಗರಿಗೆ ಗಣಿತ, ಇಂಗ್ಲಿಷು ಹೇಳಿಕೊಡುತ್ತಿದ್ದರಂತೆ. ಹತ್ತನೆಯ ವಯಸ್ಸಿನಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆ ಪ್ರಥಮ ದರ್ಜೆಯಲ್ಲಿ ಪಾಸಾದಾಗ ತಂದೆ ಕೊಟ್ಟ ಬಹುಮಾನ ನಾಲ್ಕಾಣೆ. ಹೈಸ್ಕೂಲಿಗೆ ಬಸವನಗುಡಿಯ ಆಚಾರ್ಯ ಪಾಠಶಾಲೆ. ಇಲ್ಲಿ ತಂದೆ ನಾಗೇಶರಾಯರು ಮಾಡಿದ ಆಯ್ಕೆ ಇಂದಿನ ಅನೇಕ ಪೋಷಕರಿಗೆ ವಿಚಿತ್ರವಾಗಿ ಕಂಡೀತು. ಮಗನನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿದರು, ಮನೆಯಲ್ಲಿ ಮಾತ್ರ ಇಂಗ್ಲಿಷಿನಲ್ಲಿ ಮಾತನಾಡಿದರು. ಶಾಲೆಯಿಂದ ಒಂದು, ಮನೆಯಿಂದ ಇನ್ನೊಂದು. ಹದಿನೇಳಕ್ಕೆ ಬಿ.ಎಸ್‌ಸಿ. ಮುಗಿಯಿತು. 2014ರಲ್ಲಿ ಭಾರತರತ್ನ ಬಂದಾಗ ನಮ್ಮ ವಾಹಿನಿಗಳೆಲ್ಲ ಈ ಬಾಲ್ಯವನ್ನು ಮತ್ತೆ ಮತ್ತೆ ಹೇಳಿದವು. ಆದರೆ ಇದು ಸಾಧ್ಯವಾದದ್ದು ಅಂದಿನ ಶಾಲೆಗಳು ವಯಸ್ಸಿನ ವಿಷಯದಲ್ಲಿ ಸಡಿಲವಾಗಿದ್ದುದರಿಂದ ಎಂಬುದನ್ನು ಯಾರೂ ಹೇಳಲಿಲ್ಲ. ಸರ್ ಸಿ.ವಿ. ರಾಮನ್ ಅವರೂ ವಿಶಾಖಪಟ್ಟಣದಲ್ಲಿ ಹನ್ನೊಂದಕ್ಕೇ ಮೆಟ್ರಿಕ್ಯುಲೇಷನ್ ಮುಗಿಸಿದವರು. ಇಂದು ಒಂದನೆಯ ತರಗತಿಗೆ ಇಷ್ಟು ವರ್ಷ ತುಂಬಿರಬೇಕು ಎಂಬ ನಿಯಮವೇ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದೆ. ಮುಚ್ಚಿದ್ದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಹಾರಿ ಬಿದ್ದವರ ಜೀವನಚರಿತ್ರೆಯನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಹಾರಿ ಗೆದ್ದವರ ಲೆಕ್ಕ ಮಾತ್ರ ನಮಗೆ ಸಿಗುತ್ತದೆ.

ಹಾರುವಾಗಲೂ ಶಾಲೆಯ ಆಯ್ಕೆ ಮುಖ್ಯ ಎಂಬುದಕ್ಕೆ ವಿಜ್ಞಾನದ ವಿದ್ಯಾರ್ಥಿಗಳು ಕೇಳಿರುವ ಒಂದು ಹೆಸರನ್ನು ಹೇಳಬಹುದು. ಸೈಬರ್ನೆಟಿಕ್ಸ್ ಶಾಸ್ತ್ರದ ಪಿತಾಮಹ ನಾರ್ಬರ್ಟ್ ವೀನರ್. ಅಮೆರಿಕದ ಮ್ಯಾಸಚೂಸೆಟ್ಸಿನ ಈ ಹುಡುಗನನ್ನು ತಂದೆ, ಹಾರ್ವರ್ಡಿನ ಪ್ರಾಧ್ಯಾಪಕ ಲಿಯೋ ವೀನರ್, ಮನೆಯಲ್ಲೇ ಕಟ್ಟುನಿಟ್ಟಾಗಿ ಓದಿಸಿದರು. ಆಮೇಲೆ ಬಾಸ್ಟನ್ನಿನ ಹೆಸರಾಂತ ಶಾಲೆಗಳನ್ನು ಬಿಟ್ಟು ಏಯರ್ ಎಂಬ ಪುಟ್ಟ ಊರಿನ ಸಾಮಾನ್ಯ ಹೈಸ್ಕೂಲಿಗೆ ಹಾಕಿದರು. ತನಗಿಂತ ಎಷ್ಟೋ ದೊಡ್ಡವರ ನಡುವೆ ಓದಿ, 1906ರಲ್ಲಿ ಹನ್ನೊಂದನೆಯ ವಯಸ್ಸಿಗೆ ಅದನ್ನು ಮುಗಿಸಿದ ಆತ, ಹದಿನೆಂಟಕ್ಕೆ ಹಾರ್ವರ್ಡಿನ ಡಾಕ್ಟರೇಟ್ ಪಡೆದ. ಬಾಲಪ್ರತಿಭೆಯಾಗಿ ಬೆಳೆದುದರ ನೋವನ್ನೆಲ್ಲ 1953ರ ತನ್ನ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಾಗಲೂ ಆ ಪುಟ್ಟ ಊರಿನ ಬಗ್ಗೆ ಮಾತ್ರ ಆತನಿಗೆ ಕೃತಜ್ಞತೆಯೇ ಇತ್ತು.

ಮೂರನೆಯ ದಾರಿ, ಹಾರದೆ, ಊರು ಬಿಡದೆ, ಇದ್ದಲ್ಲೇ ಬೆಳೆಯುವುದು. ಶ್ರೀನಿವಾಸ ರಾಮಾನುಜನ್ ಅವರು 1897ರ ಪ್ರಾಥಮಿಕ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲಿಗರಾದಾಗ ಇನ್ನೂ ಹತ್ತು ತುಂಬಿರಲಿಲ್ಲ. ಮರುವರ್ಷ ಕುಂಭಕೋಣದ ಟೌನ್ ಹೈಸ್ಕೂಲು ಸೇರಿದರು. ಮನೆಯಿಂದ ನಡೆದು ಹೋಗುವಷ್ಟೇ ದೂರ. ಆರು ವರ್ಷ ಅಲ್ಲೇ ಓದಿದರು. ಒಂದು ತರಗತಿಯನ್ನೂ ಹಾರಿಸಲಿಲ್ಲ. ಹಾಗಾದರೆ ಆ ಶಾಲೆ ಅವರಿಗೆ ಮಾಡಿದ್ದೇನು? ಮನೆಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗರಿಂದ ಪುಸ್ತಕ ತಂದು ಓದುತ್ತಿದ್ದ ಹುಡುಗನನ್ನು ಅದು ತಡೆಯಲಿಲ್ಲ. ಸುಮಾರು 1200 ವಿದ್ಯಾರ್ಥಿಗಳು, 35 ಅಧ್ಯಾಪಕರಿದ್ದ ಶಾಲೆಯ ವೇಳಾಪಟ್ಟಿ ಹೊಂದಿಸುವ ತಲೆನೋವಿನ ಕೆಲಸವನ್ನು ಗಣಿತದ ಹಿರಿಯ ಅಧ್ಯಾಪಕರು ಈ ಹುಡುಗನಿಗೇ ವಹಿಸಿದರು. ವೇಳಾಪಟ್ಟಿ ಎಂದರೆ ಏನು ಕಷ್ಟ ಎಂಬುದು ಶಾಲೆ ನಡೆಸಿದವರಿಗೆ, ಮತ್ತು ಕಾರ್ಯಕ್ರಮಗಳ ಪಟ್ಟಿ ಹೊಂದಿಸುವ ನನ್ನಂಥವರಿಗೆ, ಗೊತ್ತು. ಬಹುಮಾನ ವಿತರಣೆಯ ದಿನ ಮುಖ್ಯೋಪಾಧ್ಯಾಯರು, ಈ ಹುಡುಗನಿಗೆ ನೂರಕ್ಕೆ ನೂರು ಕೊಟ್ಟರೂ ಕಡಿಮೆಯೇ ಎಂದರಂತೆ. ಅದೇ ರಾಮಾನುಜನ್ ಮುಂದೆ ಕಾಲೇಜಿಗೆ ಹೋದಾಗ, ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ನಪಾಸಾಗಿ ವಿದ್ಯಾರ್ಥಿವೇತನ ಕಳೆದುಕೊಂಡರು. ಸಾಮಾನ್ಯ ಶಾಲೆಯೊಂದು ಹುಡುಗನ ಅತಿಯನ್ನು ಸಹಿಸಿತು, ಕಾಲೇಜಿನ ನಿಯಮ ಸಹಿಸಲಿಲ್ಲ.

ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ಗಂಡಸರವು. ಹೆಣ್ಣುಮಗು ಜಾಣೆಯಾದರೆ ಏನು ಮಾಡುತ್ತಿದ್ದರು? ಮೈಸೂರಿನಲ್ಲಿ 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರ ಮುತುವರ್ಜಿಯಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಆದರೆ ಬಾಲ್ಯವಿವಾಹ, ವೈಧವ್ಯಗಳ ನಡುವೆ ಓದು ನಿಂತುಹೋದವರೇ ಹೆಚ್ಚು. ಬೆಂಗಳೂರಿನ ಬಸವನಗುಡಿಯ ಮಹಿಳಾ ಸೇವಾ ಸಮಾಜದಲ್ಲಿ ಕಮಲಮ್ಮ ದಾಸಪ್ಪನವರು ಒಂದು ಉಪಾಯ ಕಂಡುಕೊಂಡರು. ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಅವರು ವಿಧವೆಯರಿಗೂ ಪರಿತ್ಯಕ್ತೆಯರಿಗೂ ಕಡಿಮೆ ಕಾಲದಲ್ಲಿ ಹೆಚ್ಚು ಕಲಿಸುವ ತ್ವರಿತ ಶಿಕ್ಷಣದ ಶಾಲೆ ನಡೆಸಿದರು. ಹೆಸರು "ಸ್ಪೆಷಲ್ ಇಂಗ್ಲಿಷ್ ಸ್ಕೂಲ್". ಅವರ ಮೊಮ್ಮಗಳು, ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ, ಮೊದಲು ಕಲಿತದ್ದು ಆ ಶಾಲೆಯಲ್ಲೇ. ಆಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ, ಮಿಷಿಗನ್ನಿನಲ್ಲಿ ಡಾಕ್ಟರೇಟ್. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದ ಮೊದಲ ಮಹಿಳೆ ರಾಜೇಶ್ವರಿ ಚಟರ್ಜಿ ಇವರೇ. ಗಂಡುಮಗುವಿಗೆ ಶಾಲೆ ಹುಡುಕಿದರೆ ಸಾಕಿತ್ತು. ಹೆಣ್ಣುಮಗುವಿಗೆ ಅಜ್ಜಿಯೊಬ್ಬರು ಶಾಲೆಯನ್ನೇ ಕಟ್ಟಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಪ್ರಶ್ನೆ ಮನೆಯಿಂದ ಸರ್ಕಾರದ ಮೇಜಿಗೆ ಬಂತು. 1964ರಲ್ಲಿ ನೇಮಕವಾದ ಶಿಕ್ಷಣ ಆಯೋಗದ ಅಧ್ಯಕ್ಷರು ಡಿ.ಎಸ್. ಕೊಠಾರಿ, ಅವರೂ ಭೌತಶಾಸ್ತ್ರಜ್ಞರೇ. 1966ರ ಅವರ ವರದಿ ನೆರೆಹೊರೆಯ ಶಾಲೆ ಎಂಬ ಕಲ್ಪನೆಯನ್ನು ಮುಂದಿಟ್ಟಿತು. ಒಂದು ಪ್ರದೇಶದ ಮಕ್ಕಳೆಲ್ಲ, ಬಡವ ಬಲ್ಲಿದ ಎನ್ನದೆ, ಒಂದೇ ಶಾಲೆಗೆ ಹೋಗಬೇಕು. ಉಳ್ಳವರ ಮಕ್ಕಳೂ ಅಲ್ಲೇ ಇದ್ದರೆ ಶಾಲೆ ತಾನಾಗಿ ಸುಧಾರಿಸುತ್ತದೆ ಎಂಬುದು ವಾದ. ಅದು ಜಾರಿಯಾಗಲಿಲ್ಲ. ಇಪ್ಪತ್ತು ವರ್ಷದ ನಂತರ ಬಂದದ್ದು ಅದಕ್ಕೆ ಹೆಚ್ಚುಕಡಿಮೆ ವಿರುದ್ಧ ದಿಕ್ಕಿನ ಯೋಚನೆ. ಪ್ರತಿಭೆ ಹಳ್ಳಿಗಳಲ್ಲಿ ಚೆದುರಿಕೊಂಡಿದೆ, ಅದನ್ನು ಆರಿಸಿ ತೆಗೆದು ಜಿಲ್ಲೆಗೊಂದು ಒಳ್ಳೆಯ ವಸತಿ ಶಾಲೆಯಲ್ಲಿ ಉಚಿತವಾಗಿ ಓದಿಸೋಣ ಎಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಿಲುವು. ಆಗಿನ ಮಾನವ ಸಂಪನ್ಮೂಲ ಸಚಿವ ಪಿ.ವಿ. ನರಸಿಂಹರಾಯರಿಗೆ ಇದರಲ್ಲಿ ಹಳೆಯ ಅನುಭವವಿತ್ತು. ಆಂಧ್ರದಲ್ಲಿ ಅಧಿಕಾರದಲ್ಲಿದ್ದಾಗ, 1971ರಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೇಲಿನಲ್ಲಿ ಅಂಥದೇ ವಸತಿ ಶಾಲೆಯನ್ನು ಆರಂಭಿಸಿದ್ದರು. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಮೊದಲ ಎರಡು ನವೋದಯಗಳು ತೆರೆದವು. ಈಗ ಅವುಗಳ ಸಂಖ್ಯೆ 650ನ್ನು ದಾಟಿದೆ. ತಮಿಳುನಾಡು ಮಾತ್ರ ಭಾಷೆಯ ಕಾರಣಕ್ಕೆ ಬೇಡವೆಂದಿತು.

ಎರಡು ನಿಲುವುಗಳ ನಡುವೆ ನಾನು ಯಾವ ಕಡೆ ಎಂದು ಕೇಳಿದರೆ, ಆಡಳಿತದ ಮಾತಾಗಿ ಕೊಠಾರಿಯವರ ಕಡೆ, ಆ ಕೊಪ್ಪಳದ ತಾಯಿಯ ಮುಂದೆ ನಿಂತಾಗ ನವೋದಯದ ಕಡೆ. ನೆರೆಹೊರೆಯ ಶಾಲೆ ಸುಧಾರಿಸುವವರೆಗೆ ಆಕೆಯ ಮಗ ಐದನೆಯ ತರಗತಿಯಲ್ಲಿ ಕಾಯುವುದಿಲ್ಲ. ಆದರೆ ಆರಿಸುವ ಪರೀಕ್ಷೆಯ ಮೇಲೆ ಅತಿಯಾದ ನಂಬಿಕೆ ಬೇಡ. 1921ರಲ್ಲಿ ಲೂಯಿ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿಶಕ್ತಿ ಪರೀಕ್ಷೆ ನಡೆಸಿ 1500ಕ್ಕೂ ಹೆಚ್ಚು ಅಸಾಮಾನ್ಯ ಮಕ್ಕಳನ್ನು ಆರಿಸಿ ಅವರ ಬಾಳನ್ನು ದಶಕಗಟ್ಟಲೆ ಹಿಂಬಾಲಿಸಿದ. ಆ ಪಟ್ಟಿಯಲ್ಲಿದ್ದ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅಂಕ ಸಾಲದೆಂದು ಪಟ್ಟಿಯಿಂದ ಹೊರಗುಳಿದ ಇಬ್ಬರು ಹುಡುಗರಿಗೆ ಬಂತು. ವಿಲಿಯಂ ಶಾಕ್ಲಿ, 1956ರಲ್ಲಿ, ಟ್ರಾನ್ಸಿಸ್ಟರಿಗಾಗಿ. ಲೂಯಿಸ್ ಅಲ್ವಾರೆಜ್, 1968ರಲ್ಲಿ. ಇಬ್ಬರೂ ಭೌತಶಾಸ್ತ್ರದಲ್ಲಿ.

ನಮ್ಮ ಮನೆಗೆ ನವೋದಯದ ಕಾಗದ ಬಂದದ್ದು 1988ರಲ್ಲಿ. ನನಗಾಗಿ ಅಲ್ಲ, ಅಕ್ಕನಿಗಾಗಿ. ಹಳೆಯ ಮೈಸೂರಿನ ಕಡೆಯ ನಮ್ಮ ಹಳ್ಳಿಯ ಮೇಷ್ಟ್ರು ಯಾರಿಗೂ ಹೇಳದೆ ಅರ್ಜಿ ತುಂಬಿಸಿದ್ದರು, ಪರೀಕ್ಷೆಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿದ್ದರು. ಅಕ್ಕ ಆಯ್ಕೆಯಾಗಿದ್ದಳು. ಕನಿಷ್ಠ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿರಬೇಕೆಂಬ ನಿಯಮ ಮಾಡಿದವರು ನಮ್ಮ ತಾತನನ್ನು ಕಂಡಿರಲಿಲ್ಲ. "ಹತ್ತು ವರ್ಷದ ಹೆಣ್ಣು ಕೂಸನ್ನ ಯಾರ ಕೈಲಿ ಬಿಟ್ಟು ಬರ್ತೀಯೋ?" ಎಂದು ಅವರು ಕೇಳಿದ್ದು ಅಪ್ಪನನ್ನು. ಅಪ್ಪ ಉತ್ತರ ಕೊಡಲಿಲ್ಲ. ಅವ್ವ ಎರಡು ದಿನ ಅತ್ತಳು, ಅದು ಕಳಿಸಲೆಂದೋ ಕಳಿಸದಿರಲೆಂದೋ ಇವತ್ತಿಗೂ ತಿಳಿಯದು. ಕಾಗದ ಗೂಡಿನಲ್ಲಿ ಉಳಿಯಿತು. ಸೇರುವ ದಿನ ಕಳೆದುಹೋಯಿತು. ಮೇಷ್ಟ್ರು ಮತ್ತೆ ನಮ್ಮ ಜಗುಲಿಗೆ ಕಾಫಿಗೆ ಬರಲಿಲ್ಲ.

ಮೂರು ವರ್ಷದ ನಂತರ ನನ್ನ ಸರದಿ. ಗಂಡುಹುಡುಗನಾದ್ದರಿಂದ ತಾತನ ಆಕ್ಷೇಪಣೆ ಇರಲಿಲ್ಲ. ಬಿಟ್ಟ ಜಾಗದಲ್ಲಿ ಯಾವ ಚಿತ್ರ ಬರುತ್ತದೆ, ಕನ್ನಡಿಯಲ್ಲಿ ಆಕೃತಿ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗಳನ್ನು ಸ್ಲೇಟಿನ ಮೇಲೆ ಬರೆದು ಅಕ್ಕನೇ ಹೇಳಿಕೊಟ್ಟಳು. ನಾನು ಆಯ್ಕೆಯಾಗಲಿಲ್ಲ. ನಮ್ಮ ಹೋಬಳಿಯ ಶಾಲೆಯಲ್ಲೇ ಓದಿ, ಹಾಗೂ ಹೀಗೂ ಇಲ್ಲಿಗೆ ಬಂದೆ. ಅಕ್ಕ ಟಿ.ಸಿ.ಎಚ್. ಮಾಡಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಇಂದಿಗೂ ತನ್ನ ಐದನೆಯ ತರಗತಿಯ ಮಕ್ಕಳನ್ನು ಶನಿವಾರ ಮಧ್ಯಾಹ್ನ ಉಳಿಸಿಕೊಂಡು ಅದೇ ಆಕೃತಿಗಳನ್ನು ಕಲಿಸುತ್ತಾಳೆ. ಪರೀಕ್ಷೆಗೆ ಹೊರಡುವ ಮೊದಲು ಹೆಣ್ಣುಮಕ್ಕಳ ಮನೆಗೆ ತಾನೇ ಹೋಗಿ ಅಜ್ಜ ಅಜ್ಜಿಯರ ಎದುರು ಕೂತು ಮಾತಾಡಿ ಬರುತ್ತಾಳೆ. ಫಲಿತಾಂಶ ಬಂದ ಮೇಲೆ ಹೋದರೆ ತಡವಾಯಿತು ಎನ್ನುವುದು ಅವಳ ಲೆಕ್ಕ.

ನವೋದಯದ ನಂತರ ಕರ್ನಾಟಕ ಸರ್ಕಾರವೂ 1990ರ ದಶಕದ ಮಧ್ಯದಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳನ್ನು ತೆರೆಯಿತು. ಆಮೇಲೆ ಕಿತ್ತೂರು ರಾಣಿ ಚೆನ್ನಮ್ಮ ಶಾಲೆಗಳು ಬಂದವು, ತಾಲ್ಲೂಕುಗಳಲ್ಲಿ ಆದರ್ಶ ವಿದ್ಯಾಲಯಗಳು ಬಂದವು. ಎಲ್ಲಕ್ಕೂ ಆರನೆಯ ತರಗತಿಗೆ ಪ್ರವೇಶ, ಎಲ್ಲಕ್ಕೂ ಪರೀಕ್ಷೆ. ವಿಜಯಪುರದ ಸೈನಿಕ ಶಾಲೆ 1963ರಿಂದಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶಕ್ಕೆ ಮಗುವನ್ನು ಸೋಸಬಾರದು ಎಂದಿತು, ನವೋದಯದ ಸೋಸುವಿಕೆ ಮುಂದುವರಿಯಿತು. ಈ ವಿರೋಧಾಭಾಸದ ಮೇಲೆ ಒಂದು ಪೂರ್ತಿ ಕಾರ್ಯಕ್ರಮವನ್ನೇ ಮಾಡಬಹುದು.

ಆ ತಾಯಿಯ ದೂರವಾಣಿ ಸಂಖ್ಯೆ ನಮ್ಮ ಕರೆಗಳ ಪಟ್ಟಿಯಲ್ಲಿತ್ತು. ಕಾರ್ಯಕ್ರಮದ ಮೂರನೆಯ ದಿನ ನಾನೇ ಕರೆ ಮಾಡಿದೆ. ಸ್ಟುಡಿಯೋದಲ್ಲಿ ಹೇಳಬೇಕಾಗಿದ್ದುದನ್ನು ಹೇಳಿದೆ. ನವೋದಯದ ಪರೀಕ್ಷೆಯನ್ನು ಒಂದೇ ಸಲ ಬರೆಯಬಹುದು, ಮರುವರ್ಷ ಬರೆಯಲು ಬರುವುದಿಲ್ಲ. ಶಾಲೆಗೆ 80 ಸ್ಥಾನ, ಅದರಲ್ಲಿ ಕನಿಷ್ಠ ನೂರಕ್ಕೆ 75 ಗ್ರಾಮೀಣ ಮಕ್ಕಳಿಗೆ. ಮೂರರಿಂದ ಐದನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲೇ ಓದಿರಬೇಕು, ಆದ್ದರಿಂದ ಈಗಲೇ ಪೇಟೆಯ ಶಾಲೆಗೆ ಬದಲಾಯಿಸಿದರೆ ಆ ಹಕ್ಕು ಹೋಗುತ್ತದೆ. ಎರಡು ಗಂಟೆಯ ಪರೀಕ್ಷೆ, ಕನ್ನಡದಲ್ಲೇ ಬರೆಯಬಹುದು. ನೂರು ಅಂಕಗಳಲ್ಲಿ ಐವತ್ತು ಆ ಆಕೃತಿಗಳ ಪ್ರಶ್ನೆಗೆ, ಗಣಿತಕ್ಕೆ ಇಪ್ಪತ್ತೈದು ಮಾತ್ರ. ಎಂಟನೆಯ ತರಗತಿಯ ಲೆಕ್ಕ ಬಿಡಿಸುವ ಹುಡುಗ ಆಕೃತಿಗಳನ್ನು ನೋಡದೆ ಹೋದರೆ ನನ್ನಂತೆ ಹೊರಗುಳಿಯಬಹುದು. ಆಯ್ಕೆಯಾದರೆ ಒಂಬತ್ತನೆಯ ತರಗತಿಯಲ್ಲಿ ನೂರಕ್ಕೆ ಮೂವತ್ತರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಕಳಿಸುತ್ತಾರೆ, ಅದಕ್ಕೂ ಮನಸ್ಸು ಸಿದ್ಧವಿರಬೇಕು. ಆಯ್ಕೆಯಾಗದಿದ್ದರೆ ಲೋಕ ಮುಳುಗುವುದಿಲ್ಲ. ಇದ್ದ ಶಾಲೆಯ ಮಾಸ್ತರರೇ ಅವನನ್ನು ಅರ್ಧ ಗುರುತಿಸಿದ್ದಾರೆ, ಅವರನ್ನು ಬಿಡಬೇಡಿ, ಹೈಸ್ಕೂಲಿನ ಗಣಿತದ ಮೇಷ್ಟ್ರೊಬ್ಬರನ್ನು ಪರಿಚಯ ಮಾಡಿಸಲು ಕೇಳಿ ಎಂದೆ.

ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ನಡುನಡುವೆ ಯಾರಿಗೋ, ಬಹುಶಃ ಆ ಹುಡುಗನಿಗೇ, "ಬರ್ಕೋ ಬರ್ಕೋ" ಎನ್ನುತ್ತಿದ್ದರು. ಕೊನೆಗೆ ಒಂದು ಪ್ರಶ್ನೆ ಇತ್ತು. "ಅಲ್ರಿ ಸರ, ಇವನ ಕೆಳಗ ಒಬ್ಬಾಕಿ ಅದಾಳ್ರಿ. ಮೂರನೇತ್ತಾ. ಆಕಿ ಇವನಕಿಂತ ಚುರುಕ ಅದಾಳ. ಆಕಿಗೂ ಇದ ನಿಯಮಾನ ಏನ್ರಿ?"

ಹೌದು, ಅದೇ ನಿಯಮ ಎಂದು ಹೇಳಿ, ಅಕ್ಕನ ನಂಬರನ್ನು ಬರೆದುಕೊಳ್ಳಲು ಹೇಳಿದೆ.